ಇತಿಹಾಸ ಪುಸ್ತಕದಲ್ಲಿ ಎರಡು ಪುಟ, ಸಾಕ್ಷ್ಯಚಿತ್ರದಲ್ಲಿ ಜೀವಂತ ಮನುಷ್ಯರು: ಇದು ಹೇಗೆ ಆಗುತ್ತದೆ?

ಪಾಠದಕೋಣೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಇಲ್ಲಿ ಸಿನಿಮಾ ಕೆಲಸ ಗೊತ್ತಿರುವವರು, ಇತಿಹಾಸ ಓದಿಕೊಂಡವರು ಇಬ್ಬರೂ ಇದ್ದೀರಿ. ಅದಕ್ಕೇ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಒಂದು ದೇಶ ಯುದ್ಧಕ್ಕೆ ಹೋಗಿದ್ದು, ಒಂದು ಸರ್ಕಾರ ಉರುಳಿದ್ದು, ಲಕ್ಷಗಟ್ಟಲೆ ಜನ ಸತ್ತಿದ್ದು, ಇವೆಲ್ಲ ಪಠ್ಯದಲ್ಲಿ ಎರಡು ಪುಟ. ಕಾರಣಗಳು, ಪರಿಣಾಮಗಳು, ಇಸವಿ. ಮಕ್ಕಳು ಉರು ಹೊಡೆಯುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಅದೇ ವಿಷಯದ ಒಳ್ಳೆಯ ಸಾಕ್ಷ್ಯಚಿತ್ರದ ಹತ್ತು ನಿಮಿಷ ತೋರಿಸಿದರೆ ಅವರು ಕೇಳುವ ಪ್ರಶ್ನೆಗಳೇ ಬೇರೆ. ಆ ಮನುಷ್ಯ ಆಮೇಲೆ ಏನಾದ? ಈ ದೃಶ್ಯ ತೆಗೆದವರು ಯಾರು? ಅವರನ್ನು ಯಾರೂ ತಡೆಯಲಿಲ್ವಾ?

ನನಗೆ ಎರಡು ವಿಷಯ ತಿಳಿಯಬೇಕು. ಈ ಜೀವ ಎಲ್ಲಿಂದ ಬರುತ್ತದೆ? ಬರೀ ಹಳೆಯ ದೃಶ್ಯಗಳಿಂದ ಅಂತೂ ಅಲ್ಲ. ಹಳೆಯ ದೃಶ್ಯಗಳನ್ನೇ ತುಂಬಿಕೊಂಡು ನಿದ್ದೆ ಬರಿಸುವ ಚಿತ್ರಗಳೂ ಬೇಕಾದಷ್ಟಿವೆ. ಇನ್ನೊಂದು, ಮಕ್ಕಳು ಪರದೆಯ ಮೇಲೆ ಕಂಡಿದ್ದನ್ನು ಪೂರ್ತಿ ನಂಬುತ್ತಾರೆ. ಆ ನಂಬಿಕೆಗೆ ಚಿತ್ರ ಯೋಗ್ಯವಾಗಿದೆಯಾ ಅಂತ ನೋಡುವುದು ಹೇಗೆ?

ಎಡಿಟ್_ಟೇಬಲ್

ಸರ್, ಒಳ್ಳೆಯ ಪ್ರಶ್ನೆ. ನಾನು ಸಂಕಲನದ ಕೆಲಸ ಮಾಡುವವನು, ನನ್ನ ಕಡೆಯಿಂದ ಹೇಳುತ್ತೇನೆ.

ಅಮೆರಿಕದ ಅಂತರ್ಯುದ್ಧ ನಡೆದಿದ್ದು 1861ರಿಂದ 1865ರವರೆಗೆ. ಆಗ ಚಲನಚಿತ್ರ ಅನ್ನುವುದೇ ಹುಟ್ಟಿರಲಿಲ್ಲ. ಇದ್ದದ್ದು ಫೋಟೋ ಮಾತ್ರ. ಅದಕ್ಕೂ ಕೆಲವು ಸೆಕೆಂಡ್ ಅಲುಗಾಡದೆ ನಿಲ್ಲಬೇಕಿತ್ತು. ಹಾಗಾಗಿ ಓಡುವ ಸೈನಿಕನ ಫೋಟೋ ಸಿಗುವುದಿಲ್ಲ. ಸಿಗುವುದು ಡೇರೆಗಳು, ಸೆಟೆದು ಕೂತ ಅಧಿಕಾರಿಗಳು, ಕದನ ಮುಗಿದ ಮೇಲೆ ಬಿದ್ದಿರುವ ಹೆಣಗಳು. ಇಷ್ಟನ್ನೇ ಇಟ್ಟುಕೊಂಡು ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ 1990ರಲ್ಲಿ ಒಂಬತ್ತು ಕಂತುಗಳ ಸರಣಿ ಮಾಡಿದರು. ಒಟ್ಟು ಹನ್ನೊಂದು ಗಂಟೆಗೂ ಮೀರಿ. ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಸುಮಾರು 4 ಕೋಟಿ ಜನ ನೋಡಿದರು.

ಏನು ಮಾಡಿದರು? ಫೋಟೋ ಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಸರಿಸಿದರು. ಮೊದಲು ಒಂದು ಕೈ, ಆಮೇಲೆ ಕೋವಿ, ಆಮೇಲೆ ಮುಖ. ಕೆಳಗೆ ಶಬ್ದ. ಅದರ ಮೇಲೆ ಆ ಕಾಲದವರೇ ಬರೆದ ಪತ್ರ, ಡೈರಿ. ಸಲಿವನ್ ಬಲೂ ಅನ್ನುವ ಮೇಜರ್ 1861ರ ಜುಲೈನಲ್ಲಿ ಹೆಂಡತಿಗೆ ಬರೆದ ಪತ್ರವನ್ನು ಮೊದಲ ಕಂತಿನ ಕೊನೆಯಲ್ಲಿ ಓದುತ್ತಾರೆ. ಪತ್ರ ಬರೆದ ತಿಂಗಳೊಳಗೇ ಆತ ತೀರಿಕೊಂಡ. ಪತ್ರದಲ್ಲಿ ಯುದ್ಧದ ಕಾರಣಗಳ ಪಟ್ಟಿ ಇಲ್ಲ. ಬದುಕಿ ಬರುತ್ತೇನೋ ಇಲ್ಲವೋ ಅನ್ನುವ ಒಬ್ಬ ಗಂಡನ ಮಾತು ಇದೆ, ಅಷ್ಟೇ.

ನನ್ನ ಪ್ರಕಾರ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪಠ್ಯಪುಸ್ತಕ ಕೊನೆ ಗೊತ್ತಿದ್ದುಕೊಂಡು ಬರೆಯುತ್ತದೆ. ಯಾರು ಗೆದ್ದರು, ಎಷ್ಟು ಜನ ಸತ್ತರು, ಎಲ್ಲ ತೀರ್ಮಾನ ಆಗಿದೆ. ಆ ಪತ್ರ ಬರೆಯುವವನಿಗೆ ಕೊನೆ ಗೊತ್ತಿಲ್ಲ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆ ಸಂಕಟದಲ್ಲಿ ನೋಡುವವನು 1861ರ ಒಂದು ಸಂಜೆಗೆ ಹೋಗಿ ಕೂರುತ್ತಾನೆ. ಇತಿಹಾಸ ಅಂದರೆ ಒಂದು ಕಾಲಕ್ಕೆ ಯಾರಿಗೋ "ಇವತ್ತು" ಆಗಿತ್ತು ಅನ್ನುವುದು ಆಗ ಅನುಭವಕ್ಕೆ ಬರುತ್ತದೆ.

ದಾಖಲೆ_ಬೇಕು

ಎಡಿಟ್_ಟೇಬಲ್ ಅವರೇ, ಆ ಸರಣಿ ನನಗೂ ಇಷ್ಟ. ಆದರೆ ಅದನ್ನೇ ಉದಾಹರಣೆಗೆ ತಗೊಂಡಿದ್ದಕ್ಕೆ ಒಂದು ಮಾತು ಹೇಳಲೇಬೇಕು.

ಆ ಸರಣಿ ಬಂದಾಗ ಇತಿಹಾಸಕಾರರಲ್ಲಿ ಹಲವರು ಗಟ್ಟಿಯಾಗಿ ತಕರಾರು ಎತ್ತಿದರು. ಅದರಲ್ಲಿ ಅತಿ ಜಾಸ್ತಿ ಹೊತ್ತು ಮಾತಾಡುವವರು ಶೆಲ್ಬಿ ಫೂಟ್. ಅವರು ಮೂಲತಃ ಕಾದಂಬರಿಕಾರರು. ಸೊಗಸಾಗಿ ಕಥೆ ಹೇಳುತ್ತಾರೆ, ಕೇಳುತ್ತಾ ಕೂರಬಹುದು. ಆದರೆ ಅವರ ಮಾತಿನಲ್ಲಿ ಆ ಯುದ್ಧ ಎರಡೂ ಕಡೆಯ ಧೀರರ ದುರಂತದ ಹಾಗೆ ಕಾಣುತ್ತದೆ. ಗುಲಾಮಗಿರಿಯೇ ಯುದ್ಧದ ಬುಡ, ಆ ಹೋರಾಟ ಇನ್ನೂ ಮುಗಿದಿಲ್ಲ ಅಂತ ಅದೇ ಸರಣಿಯಲ್ಲಿ ಹೇಳುವವರು ಬಾರ್ಬರಾ ಫೀಲ್ಡ್ಸ್ ಅನ್ನುವ ಇತಿಹಾಸಕಾರ್ತಿ. ಅವರಿಗೆ ಸಿಕ್ಕ ಸಮಯ ಫೂಟ್ ಅವರಿಗೆ ಸಿಕ್ಕಿದ್ದರ ಒಂದು ಸಣ್ಣ ಪಾಲು. ಯುದ್ಧ ಮುಗಿದ ಮೇಲೆ ಬಿಡುಗಡೆಯಾದ ಕಪ್ಪು ಜನರಿಗೆ ಏನಾಯಿತು ಅನ್ನುವುದು ಬೇಗ ಬೇಗ ದಾಟಿ ಹೋಗುತ್ತದೆ.

ಯಾರೂ ಸುಳ್ಳು ಹೇಳಿಲ್ಲ. ಪ್ರತಿ ಪತ್ರವೂ ನಿಜ, ಪ್ರತಿ ಫೋಟೋವೂ ನಿಜ. ಆದರೂ ಒಟ್ಟು ನೋಡಿದರೆ ತಕ್ಕಡಿ ಒಂದು ಕಡೆ ವಾಲಿದೆ. ಸರಣಿಯಲ್ಲಿ ಮತ್ತೆ ಮತ್ತೆ ಬರುವ ಪಿಟೀಲಿನ ದುಃಖದ ರಾಗ ಕೇಳುವಾಗ ಇದು ಗೊತ್ತಾಗುವುದೇ ಇಲ್ಲ. ಹಾಗಾಗಿ ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಮೊದಲ ಉತ್ತರ: ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಗಡಿಯಾರ ಹಿಡಿದು ನೋಡಿ. ಮಕ್ಕಳಿಗೂ ಈ ಕೆಲಸ ಕೊಡಬಹುದು.

ನೀಲಿಶಾಯಿ

ಗಡಿಯಾರದ ಮಾತು ಚೆನ್ನಾಗಿದೆ. ಆದರೆ ಒಬ್ಬರ ಐದು ನಿಮಿಷ ಇನ್ನೊಬ್ಬರ ಒಂದು ಗಂಟೆಗಿಂತ ತೂಕವಾಗಿರುವುದೂ ಉಂಟು.

ನಾನು ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡುವ ಕೆಲಸದಲ್ಲಿದ್ದೇನೆ. ನನಗೆ ಈ ವಿಷಯದಲ್ಲಿ ದೊಡ್ಡ ಪಾಠ ಅಂದರೆ ನಿರ್ದೇಶಕ ಕ್ಲೋಡ್ ಲಾಂಝ್‌ಮನ್ ಅವರ "ಶೋಆ". 1985ರ ಚಿತ್ರ. ಒಂಬತ್ತು ಗಂಟೆಗೂ ಜಾಸ್ತಿ ಇದೆ. ಯೆಹೂದಿಗಳ ನರಮೇಧದ ಬಗ್ಗೆ ಮಾಡಿದ ಈ ಚಿತ್ರದಲ್ಲಿ ಆ ಕಾಲದ ಒಂದೇ ಒಂದು ಹಳೆಯ ದೃಶ್ಯ ಇಲ್ಲ. ಹೆಣಗಳ ರಾಶಿ ಇಲ್ಲ, ಸೈನಿಕರ ಮೆರವಣಿಗೆ ಇಲ್ಲ. ಚಿತ್ರೀಕರಣದ ಹೊತ್ತಿಗೆ ಆ ಜಾಗಗಳು ಹೇಗಿದ್ದವೋ ಅದು ಇದೆ. ಹುಲ್ಲು, ಮರ, ರೈಲು ಹಳಿ. ಮತ್ತೆ ಮನುಷ್ಯರ ಮುಖ.

ಅದರಲ್ಲಿ ಅಬ್ರಹಾಂ ಬೊಂಬಾ ಅನ್ನುವ ಕ್ಷೌರಿಕರೊಬ್ಬರು ಬರುತ್ತಾರೆ. ನಾಝಿಗಳ ಟ್ರೆಬ್ಲಿಂಕಾ ಶಿಬಿರದಲ್ಲಿ ಸಾಯಿಸುವ ಮುಂಚೆ ಹೆಂಗಸರ ಕೂದಲು ಕತ್ತರಿಸುವ ಕೆಲಸ ಅವರಿಂದ ಮಾಡಿಸಿದ್ದರು. ನಿರ್ದೇಶಕರು ಅವರನ್ನು ಇಸ್ರೇಲಿನ ಒಂದು ಕ್ಷೌರದಂಗಡಿಗೆ ಕರೆದುಕೊಂಡು ಹೋಗಿ, ಒಬ್ಬರ ಕೂದಲು ಕತ್ತರಿಸುತ್ತಾ ಮಾತಾಡಲು ಹೇಳುತ್ತಾರೆ. ಮೊದಲು ವರದಿ ಒಪ್ಪಿಸುವ ಹಾಗೆ ಹೇಳುತ್ತಾ ಹೋಗುತ್ತಾರೆ. ಕೈ ಕೆಲಸ ಮಾಡುತ್ತಿರುತ್ತದೆ. ಜೊತೆಯಲ್ಲಿದ್ದ ಇನ್ನೊಬ್ಬ ಕ್ಷೌರಿಕನ ಹೆಂಡತಿ ಮತ್ತು ತಂಗಿ ಅದೇ ಕೋಣೆಯೊಳಗೆ ಬಂದರು ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಮುಂದೆ ಆಗುವುದಿಲ್ಲ. ಕ್ಯಾಮೆರಾ ನಿಲ್ಲುವುದಿಲ್ಲ. ಆ ಮೌನ ಎಷ್ಟೋ ಹೊತ್ತು ಹಾಗೇ ಇರುತ್ತದೆ.

ಆ ಮೌನವನ್ನು ಪುಸ್ತಕದಲ್ಲಿ ಹೇಗೆ ಅಚ್ಚು ಹಾಕುತ್ತೀರಿ? "ಅವರು ಸ್ವಲ್ಪ ಹೊತ್ತು ಸುಮ್ಮನಾದರು" ಅಂತ ಬರೆಯಬಹುದು. ಅದು ಸುದ್ದಿ ಆಯಿತು. ಚಿತ್ರದಲ್ಲಿ ನಾವೂ ಆ ಹೊತ್ತನ್ನು ಅವರ ಜೊತೆ ಕಳೆಯಬೇಕು. ಸುಮಾರು ಮೂವತ್ತೈದು ವರ್ಷ ಹಿಂದಿನದು ಆ ಮನುಷ್ಯನ ಮೈಯಲ್ಲಿ ಇನ್ನೂ ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇತಿಹಾಸಕ್ಕೆ ಜೀವ ಬರುವುದು ಅಂದರೆ ಇದು.

ದಾಖಲೆ_ಬೇಕು

ನೀಲಿಶಾಯಿ ಮೇಡಂ, ಒಪ್ಪುತ್ತೇನೆ. ಆದರೆ ಅದೇ ಚಿತ್ರದಲ್ಲಿ ಇನ್ನೊಂದು ವಿಷಯವೂ ಇದೆ. ಶಿಬಿರದಲ್ಲಿ ಕೆಲಸ ಮಾಡಿದ್ದ ಒಬ್ಬ ಮಾಜಿ ನಾಝಿಗೆ "ನಿಮ್ಮ ಹೆಸರು ಹೇಳುವುದಿಲ್ಲ" ಅಂತ ಮಾತು ಕೊಟ್ಟು, ಬಚ್ಚಿಟ್ಟ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಹೆಸರು, ಮುಖ ಎರಡೂ ಚಿತ್ರದಲ್ಲಿ ಬಂತು. ಬೊಂಬಾ ಅವರಿಗೂ "ನೀವು ಹೇಳಲೇಬೇಕು" ಅಂತ ನಿರ್ದೇಶಕರು ಒತ್ತಾಯ ಮಾಡುವುದು ಕೇಳಿಸುತ್ತದೆ. ಇದು ಸರಿಯಾ?

ನೀಲಿಶಾಯಿ

ಎರಡನ್ನೂ ಒಂದೇ ಅಳತೆಯಲ್ಲಿ ನೋಡಬೇಡಿ. ಕೊಲ್ಲುವ ಯಂತ್ರದ ಭಾಗವಾಗಿದ್ದವನಿಗೆ ಕೊಟ್ಟ ಮಾತು ಮುರಿದಿದ್ದು ನನಗೆ ದೊಡ್ಡ ತಪ್ಪಾಗಿ ಕಾಣುವುದಿಲ್ಲ. ಅವನು ಹೇಳಿದ ವಿವರಗಳು ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ.

ಬೊಂಬಾ ಅವರ ವಿಷಯದಲ್ಲಿ ಮಾತ್ರ ನನಗೆ ನೆಮ್ಮದಿ ಇಲ್ಲ. ನಾನಾಗಿದ್ದರೆ ರೆಕಾರ್ಡಿಂಗ್ ನಿಲ್ಲಿಸಿ ನೀರು ಕೊಡುತ್ತಿದ್ದೆ. ಆಗ ಈ ಸಾಕ್ಷ್ಯ ಹೀಗೆ ಉಳಿಯುತ್ತಿರಲಿಲ್ಲ ಅನ್ನುವುದೂ ನಿಜ. ಇಷ್ಟು ವರ್ಷ ಆದರೂ ಇದಕ್ಕೆ ನನ್ನಲ್ಲಿ ಒಂದೇ ಉತ್ತರ ಇಲ್ಲ.

ಹಳೇರೀಲು

ಹಳೆಯ ದೃಶ್ಯ ಇಲ್ಲದೆಯೂ ಚಿತ್ರ ಮಾಡಬಹುದು ಅಂದಿರಿ, ಸರಿ. ಆದರೆ ಇರುವ ಹಳೆಯ ದೃಶ್ಯಗಳ ಬಗ್ಗೆ ಮಾತಾಡೋಣ. ನಾನು ಫಿಲ್ಮ್ ಸಂಗ್ರಹಾಗಾರದಲ್ಲಿ ಕೆಲಸ ಮಾಡಿದವನು, ಸ್ವಲ್ಪ ಉದ್ದ ಆಗುತ್ತದೆ.

ಯಾವುದೇ ಹಳೆಯ ದೃಶ್ಯ ನೋಡಿದಾಗ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮೇಷ್ಟ್ರ ಮಕ್ಕಳೇ ಕೇಳಿದ್ದಾರೆ: ಇದನ್ನು ತೆಗೆದವರು ಯಾರು? ಕ್ಯಾಮೆರಾ, ಫಿಲ್ಮ್, ಲ್ಯಾಬ್, ಎಲ್ಲಕ್ಕೂ ದುಡ್ಡು ಬೇಕಿತ್ತು. ಹಾಗಾಗಿ ಹಿಂದಿನ ದೃಶ್ಯಗಳಲ್ಲಿ ಜಾಸ್ತಿ ಇರುವುದು ರಾಜರು, ಮಂತ್ರಿಗಳು, ಪರೇಡುಗಳು, ಉದ್ಘಾಟನೆಗಳು. ಬಡವರು ಬರುವುದು ಗುಂಪಾಗಿ, ದೂರದಿಂದ.

ಆದರೆ ದೃಶ್ಯ ತೆಗೆಸಿದವನ ಉದ್ದೇಶವೇ ಕೊನೆಯ ಮಾತಲ್ಲ. ಎಸ್ಫಿರ್ ಶುಬ್ ಅನ್ನುವ ರಷ್ಯದ ಸಂಕಲನಕಾರ್ತಿ 1927ರಲ್ಲಿ ರೊಮಾನೊವ್ ರಾಜವಂಶದ ಪತನದ ಬಗ್ಗೆ ಚಿತ್ರ ಮಾಡಿದರು. ಆಕೆ ಬಳಸಿದ್ದು ಝಾರ್ ಚಕ್ರವರ್ತಿಗಳ ಮನೆತನದವರೇ ತಮಗಾಗಿ ತೆಗೆಸಿಕೊಂಡ ದೃಶ್ಯಗಳು ಮತ್ತು ಹಳೆಯ ಸುದ್ದಿಚಿತ್ರಗಳನ್ನು. ಹಡಗಿನ ಮೇಲೆ ನೃತ್ಯ ಮಾಡಿ ಬೆವರು ಒರೆಸಿಕೊಳ್ಳುವ ಗಣ್ಯರ ದೃಶ್ಯದ ಪಕ್ಕಕ್ಕೆ ಬೆವರು ಸುರಿಸಿ ದುಡಿಯುವ ಜನರ ದೃಶ್ಯ ಇಟ್ಟರು. ಎರಡೂ ನಿಜವಾದ ದೃಶ್ಯಗಳೇ. ತಮ್ಮ ವೈಭವಕ್ಕೆ ಅಂತ ತೆಗೆಸಿಕೊಂಡಿದ್ದು ಅವರ ವಿರುದ್ಧವೇ ಸಾಕ್ಷಿ ಹೇಳಿತು. ಬರೀ ಹಳೆಯ ಫಿಲ್ಮ್ ಜೋಡಿಸಿ ಇತಿಹಾಸ ಹೇಳುವ ಪದ್ಧತಿಗೆ ಈ ಚಿತ್ರವನ್ನೇ ಬುನಾದಿ ಅನ್ನುತ್ತಾರೆ.

ಇನ್ನು ತೆಗೆಯದೇ ಉಳಿದಿದ್ದು. ಭಾರತದ ವಿಷಯವನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಪ್ರಚಾರಕ್ಕೆ ಅಂತ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಅನ್ನುವ ಘಟಕ ನಡೆಸುತ್ತಿತ್ತು. 1946ರಲ್ಲಿ ಅದನ್ನು ಮುಚ್ಚಿದರು. ಸ್ವತಂತ್ರ ಭಾರತ ಸರ್ಕಾರದ ಘಟಕವಾದ ಫಿಲ್ಮ್ಸ್ ಡಿವಿಷನ್ ಶುರುವಾಗಿದ್ದು 1948ರಲ್ಲಿ. ನಡುವೆ ಏನು ಬಂತು ನೋಡಿ: 1947ರ ಆಗಸ್ಟ್! ದೇಶ ಹುಟ್ಟಿದ ದಿನವನ್ನು ಚಿತ್ರೀಕರಿಸಲು ಸರ್ಕಾರದ ಹತ್ತಿರ ತನ್ನದೇ ಒಂದು ಫಿಲ್ಮ್ ಘಟಕ ಇರಲಿಲ್ಲ. ಇವತ್ತು ನಾವು ನೋಡುವ ಆ ದಿನದ ದೃಶ್ಯಗಳು ಖಾಸಗಿ ಕ್ಯಾಮೆರಾದವರು ಮತ್ತು ವಿದೇಶಿ ಸುದ್ದಿಚಿತ್ರದ ಕಂಪನಿಗಳು ತೆಗೆದವು. ಅದಕ್ಕೇ ಸ್ವಾತಂತ್ರ್ಯದ ಯಾವ ಕಾರ್ಯಕ್ರಮ ನೋಡಿದರೂ ಅವೇ ಕೆಲವು ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ.

ಅದೇ ಫಿಲ್ಮ್ಸ್ ಡಿವಿಷನ್ ಮುಂದೆ ಅಣೆಕಟ್ಟು, ಕಾರ್ಖಾನೆ, ಪ್ರವಾಹ, ಚುನಾವಣೆ ಎಲ್ಲವನ್ನೂ ತೆಗೆಯಿತು. ಥಿಯೇಟರುಗಳಲ್ಲಿ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದರು. ಬಹುಪಾಲು ಸರ್ಕಾರದ ದನಿ. ಆದರೆ ಅದರೊಳಗೇ ಎಸ್.ಎನ್.ಎಸ್. ಶಾಸ್ತ್ರಿ ಅಂಥವರು ಇದ್ದರು. ಸ್ವಾತಂತ್ರ್ಯಕ್ಕೆ ಇಪ್ಪತ್ತು ವರ್ಷ ತುಂಬಿದಾಗ, 1967ರಲ್ಲಿ, ಅವರು 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ ಮಾತಾಡಿಸಿದರು. ಅವರ ಆಸೆ, ಸಿಟ್ಟು, ಸಂಶಯ ಎಲ್ಲ ಸರ್ಕಾರದ ಚಿತ್ರದಲ್ಲೇ ದಾಖಲಾಯಿತು. ಆ ಕಾಲದ ಭಾರತ ಹೇಗೆ ಯೋಚಿಸುತ್ತಿತ್ತು ಅಂತ ತಿಳಿಯಲು ನಾನು ಹತ್ತು ಭಾಷಣಗಳಿಗಿಂತ ಈ ಒಂದು ಚಿತ್ರವನ್ನು ಆರಿಸಿಕೊಳ್ಳುತ್ತೇನೆ.

ಮಳೆಬಿಲ್ಲು

ಹಳೇರೀಲು ಸರ್, 1947ರ ಆ ವಿಷಯ ಗೊತ್ತೇ ಇರಲಿಲ್ಲ. ಓದಿ ಬೇಜಾರಾಯಿತು.

ನನ್ನದೊಂದು ಪ್ರಶ್ನೆ. ಮೊದಲ ಮಹಾಯುದ್ಧದ ದೃಶ್ಯಗಳಿಗೆ ಬಣ್ಣ ಹಾಕಿದ ಚಿತ್ರ ನೋಡಿದೆ. ಕಪ್ಪು ಬಿಳುಪಿನಲ್ಲಿ ಪಟಪಟ ಅಂತ ನಡೆಯುತ್ತಿದ್ದ ಸೈನಿಕರು ಒಮ್ಮೆಲೇ ನಮ್ಮ ಹಾಗೆ ನಡೆಯಲು ಶುರು ಮಾಡುತ್ತಾರೆ. ಮೈ ಜುಮ್ಮೆಂದಿತು. ಆದರೆ ಬಣ್ಣ ಹಾಕಿದ ಮೇಲೂ ಅದನ್ನು ದಾಖಲೆ ಅನ್ನಬಹುದಾ?

ಹಳೇರೀಲು

ನೀವು ಹೇಳುತ್ತಿರುವುದು ಪೀಟರ್ ಜಾಕ್ಸನ್ 2018ರಲ್ಲಿ ಮಾಡಿದ ಚಿತ್ರ. ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನಲ್ಲಿದ್ದ ಸುಮಾರು 100 ಗಂಟೆಯ ದೃಶ್ಯ ಕೊಟ್ಟಿತ್ತು.

ಅದರ ಕೆಲಸ ಬಿಡಿಸಿ ನೋಡಿ. ಆಗಿನ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಬೇಕಿತ್ತು. ತಿರುಗಿಸುವವನ ಕೈವೇಗದ ಮೇಲೆ ಸೆಕೆಂಡಿಗೆ ಎಷ್ಟು ಚೌಕಟ್ಟು (ಫ್ರೇಮ್) ಅನ್ನುವುದು ಬದಲಾಗುತ್ತಿತ್ತು. ಅದನ್ನು ಇವತ್ತಿನ 24 ಚೌಕಟ್ಟಿನ ವೇಗದಲ್ಲಿ ಓಡಿಸಿದರೆ ಜನ ಗೊಂಬೆಗಳ ಹಾಗೆ ಜಿಗಿಯುತ್ತಾರೆ. ಜಾಕ್ಸನ್ ತಂಡ ಪ್ರತಿ ತುಣುಕಿನ ಮೂಲ ವೇಗ ಎಷ್ಟಿರಬಹುದು ಅಂತ ಅಂದಾಜು ಮಾಡಿ, ನಡುವಿನ ಚೌಕಟ್ಟುಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿತು. ತುಟಿ ಓದುವವರನ್ನು ಕೂರಿಸಿ ಸೈನಿಕರು ಏನು ಹೇಳುತ್ತಿದ್ದಾರೆ ಅಂತ ತಿಳಿದುಕೊಂಡು ನಟರಿಂದ ಮಾತು ಆಡಿಸಿದರು. ನಿರೂಪಣೆಗೆ ಮಾತ್ರ ನಿಜವಾದ ಸೈನಿಕರ ದನಿ. ವಯಸ್ಸಾದ ಮೇಲೆ ಅವರು ಕೊಟ್ಟ ಸಂದರ್ಶನಗಳ ನೂರಾರು ಗಂಟೆಯ ರೆಕಾರ್ಡಿಂಗ್ ಬಿಬಿಸಿ ಮತ್ತು ಮ್ಯೂಸಿಯಂನಲ್ಲಿ ಉಳಿದಿತ್ತು.

ವೇಗ ಸರಿ ಮಾಡಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಮನುಷ್ಯರು ಹಾಗೆ ಜಿಗಿದಿರಲಿಲ್ಲ. ಅದು ಯಂತ್ರದ ದೋಷ, ಅದನ್ನು ತೆಗೆದಿದ್ದು ಅವರಿಗೆ ಮರ್ಯಾದೆ ಕೊಟ್ಟ ಹಾಗೆ. ಬಣ್ಣ, ಶಬ್ದ ಎರಡೂ ಊಹೆ. ಒಳ್ಳೆಯ ಊಹೆ, ಆದರೂ ಊಹೆ. ಅದಕ್ಕೆ ನನ್ನ ಒಂದೇ ಷರತ್ತು: ಮೂಲ ಕಪ್ಪು ಬಿಳುಪು ಪ್ರತಿ ಬೇಕಾದವರಿಗೆ ನೋಡಲು ಸಿಗುತ್ತಿರಬೇಕು. ಅಲ್ಲಿ ಸಿಗುತ್ತದೆ. ಎಷ್ಟೋ ಕಡೆ ಬಣ್ಣದ ಪ್ರತಿ ಮಾತ್ರ ಅಂತರ್ಜಾಲದಲ್ಲಿ ಓಡಾಡುತ್ತಿದೆ, ಮೂಲ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅದು ಅಪಾಯ.

ಪಾಠದಕೋಣೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಥ್ಯಾಂಕ್ಸ್. ಮಳೆಬಿಲ್ಲು ಅವರ ಪ್ರಶ್ನೆಯಿಂದ ನನಗೆ ಮರುಸೃಷ್ಟಿ ದೃಶ್ಯಗಳ ನೆನಪಾಯಿತು. ಟಿವಿಯ ಇತಿಹಾಸ ಕಾರ್ಯಕ್ರಮಗಳಲ್ಲಿ ನಟರಿಗೆ ವೇಷ ಹಾಕಿಸಿ ಕತ್ತಿ ಹಿಡಿಸುತ್ತಾರಲ್ಲ. ಮಕ್ಕಳು ಅದನ್ನೇ ನಿಜವಾದ ಘಟನೆಯ ದೃಶ್ಯ ಅಂದುಕೊಳ್ಳುತ್ತಾರೆ. ಇವನ್ನು ತರಗತಿಯಲ್ಲಿ ತೋರಿಸದೇ ಇರುವುದೇ ಒಳ್ಳೆಯದಾ?

ದಾಖಲೆ_ಬೇಕು

ಮೇಷ್ಟ್ರೇ, ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ. 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕದನ ಇನ್ನೂ ನಡೆಯುತ್ತಿರುವಾಗಲೇ ಅದರ ಬಗ್ಗೆ ಬ್ರಿಟನ್ನಿನಲ್ಲಿ ಒಂದು ಪೂರ್ಣ ಚಿತ್ರ ಬಿಡುಗಡೆಯಾಯಿತು. ಜನ ಮುಗಿಬಿದ್ದು ನೋಡಿದರು. ತಮ್ಮ ಮಕ್ಕಳು, ಗಂಡಂದಿರು ಕಾಣುತ್ತಾರೇನೋ ಅಂತ ಹೋದವರೂ ಇದ್ದರು. ಅದರಲ್ಲಿ ಸೈನಿಕರು ಕಂದಕದಿಂದ ಹತ್ತಿ ಹೊರಡುವಾಗ ಒಬ್ಬ ಅಲ್ಲೇ ಜಾರಿ ಬೀಳುವ ದೃಶ್ಯ ಇದೆ. ಮೊದಲ ಮಹಾಯುದ್ಧ ಅಂದ ಕೂಡಲೇ ಅದನ್ನೇ ತೋರಿಸುತ್ತಾರೆ. ಅದು ಯುದ್ಧರಂಗದ ಹಿಂದೆ ಎಲ್ಲೋ ತರಬೇತಿ ಜಾಗದಲ್ಲಿ ಮಾಡಿಸಿದ ದೃಶ್ಯ. ಆ ಚಿತ್ರದ ಮಿಕ್ಕ ಬಹುಪಾಲು ಅಸಲಿ. ಅತಿ ಪ್ರಸಿದ್ಧವಾಗಿದ್ದು ಮಾತ್ರ ಆ ಒಂದು ನಕಲಿ.

ರಷ್ಯದ 1917ರ ಕ್ರಾಂತಿಯ ಕಥೆಯೂ ಹೀಗೇ. ಝಾರ್‌ಗಳ ಚಳಿಗಾಲದ ಅರಮನೆಗೆ ಜನ ನುಗ್ಗುವ ದೃಶ್ಯ ಅಂತ ಎಷ್ಟೋ ಕಡೆ ತೋರಿಸುವುದು 1928ರಲ್ಲಿ ಬಿಡುಗಡೆಯಾದ ನಿರ್ದೇಶಕ ಐಸೆನ್‌ಸ್ಟೈನ್ ಅವರ ಕಥಾಚಿತ್ರದ ತುಣುಕು.

ಎಡಿಟ್_ಟೇಬಲ್

ಸರಿ, ಆದರೆ ಮರುಸೃಷ್ಟಿಯನ್ನೇ ಬೇಡ ಅನ್ನಬೇಡಿ. ನೋಡುವವನಿಗೆ ಹೇಳದೆ ಮಾಡುವುದು ಮೋಸ. ಹೇಳಿ ಮಾಡಿದರೆ ಅದರಿಂದ ಬೇರೆ ಯಾವ ದಾರಿಯಲ್ಲೂ ಆಗದ ಕೆಲಸ ಆಗುತ್ತದೆ.

ಕಾಂಬೋಡಿಯಾದ ನಿರ್ದೇಶಕ ರಿತಿ ಪಾನ್ ಅವರ ಕೆಲಸ ನೋಡಿ. 1975ರಿಂದ 1979ರವರೆಗೆ ಅಲ್ಲಿ ಖಮೇರ್ ರೂಜ್ ಅನ್ನುವ ಕ್ರೂರ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆ. ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದ ಪಾನ್ ಹಸಿವು, ಕೂಲಿ ಶಿಬಿರ ಎಲ್ಲ ಕಂಡರು. ತಂದೆ ತಾಯಿಯನ್ನು ಕಳೆದುಕೊಂಡರು. ಮುಂದೆ ಇದರ ಬಗ್ಗೆ ಚಿತ್ರ ಮಾಡಲು ಹೋದರೆ ದೃಶ್ಯಗಳೇ ಇಲ್ಲ. ಉಳಿದಿದ್ದು ಆ ಆಡಳಿತ ತನ್ನ ಪ್ರಚಾರಕ್ಕೆ ತೆಗೆದಿದ್ದು ಮಾತ್ರ, ಅದರಲ್ಲಿ ಎಲ್ಲರೂ ಉತ್ಸಾಹದಿಂದ ಮಣ್ಣು ಹೊರುತ್ತಿದ್ದಾರೆ. 2013ರ ಚಿತ್ರದಲ್ಲಿ ಪಾನ್ ಏನು ಮಾಡಿದರು ಅಂದರೆ, ಮಣ್ಣಿನ ಸಣ್ಣ ಗೊಂಬೆಗಳನ್ನು ಮಾಡಿಸಿದರು. ತಂದೆಗೊಂದು ಗೊಂಬೆ, ಅಣ್ಣನಿಗೊಂದು, ತನಗೊಂದು. ಅವನ್ನು ಪುಟ್ಟ ಪುಟ್ಟ ಗದ್ದೆ, ಆಸ್ಪತ್ರೆ, ಶಿಬಿರಗಳಲ್ಲಿ ಇಟ್ಟರು. ಗೊಂಬೆ ಅಲುಗುವುದೂ ಇಲ್ಲ. ಕ್ಯಾಮೆರಾ ಅದರ ಹತ್ತಿರ ಹೋಗುತ್ತದೆ, ಹಿಂದೆ ಒಂದು ದನಿ ಕಥೆ ಹೇಳುತ್ತದೆ.

ಅದನ್ನು ಯಾರೂ ನಿಜವಾದ ದೃಶ್ಯ ಅಂದುಕೊಳ್ಳಲು ಸಾಧ್ಯವೇ ಇಲ್ಲ. ನೋಡುತ್ತಿರುವಷ್ಟು ಹೊತ್ತೂ "ಇದರ ಚಿತ್ರ ಯಾರ ಹತ್ತಿರವೂ ಇಲ್ಲ" ಅನ್ನುವುದು ಗೊತ್ತಿರುತ್ತದೆ. ಆ ಇಲ್ಲದಿರುವುದೇ ಎದೆಗೆ ತಾಗುತ್ತದೆ. ಟಿವಿಯವರು ನಟರಿಗೆ ಕತ್ತಿ ಹಿಡಿಸಿ ತುಂಬಿಸುವ ಖಾಲಿ ಜಾಗವನ್ನು ಪಾನ್ ಖಾಲಿ ಅಂತಲೇ ತೋರಿಸಿದರು.

ಅವರದೇ 2003ರ ಇನ್ನೊಂದು ಚಿತ್ರದಲ್ಲಿ ಖಮೇರ್ ರೂಜ್ ನಡೆಸುತ್ತಿದ್ದ ತುವೋಲ್ ಸ್ಲೆಂಗ್ ಜೈಲಿನ ಹಳೆಯ ಕಾವಲುಗಾರರನ್ನು ಅದೇ ಕಟ್ಟಡಕ್ಕೆ ಕರೆತರುತ್ತಾರೆ. ದಿನಾ ಏನು ಮಾಡುತ್ತಿದ್ದಿರಿ ತೋರಿಸಿ ಅನ್ನುತ್ತಾರೆ. ಒಬ್ಬ ಖಾಲಿ ಕೋಣೆಯಲ್ಲಿ ಇಲ್ಲದ ಕೈದಿಗಳಿಗೆ ಬೈಯುತ್ತಾ, ಇಲ್ಲದ ಬೀಗ ಹಾಕುತ್ತಾ ಓಡಾಡುತ್ತಾನೆ. ಮಾತಿನಲ್ಲಿ ಹೇಳಲು ಬಾರದ್ದನ್ನು ಮೈ ನೆನಪಿಟ್ಟುಕೊಂಡಿದೆ. ಇಂಡೋನೇಷ್ಯಾದ 1965–66ರ ಹತ್ಯಾಕಾಂಡದ ಬಗ್ಗೆ ಜೋಶುವಾ ಓಪನ್‌ಹೈಮರ್ 2012ರಲ್ಲಿ ಮಾಡಿದ ಚಿತ್ರದಲ್ಲೂ ಕೊಂದವರೇ ತಮ್ಮ ಕೆಲಸವನ್ನು ನಟಿಸಿ ತೋರಿಸುತ್ತಾರೆ. ಆ ಚಿತ್ರದ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುವಾಗ ಎದ್ದು ಹೋಗಬೇಡಿ. ಸ್ಥಳೀಯ ತಂಡದ ಎಷ್ಟೋ ಜನರ ಜಾಗದಲ್ಲಿ "ಅನಾಮಿಕ" ಅಂತಿದೆ. ಘಟನೆ ನಡೆದು ನಲವತ್ತೈದು ವರ್ಷ ದಾಟಿದ ಮೇಲೂ ಹೆಸರು ಹಾಕಿಕೊಳ್ಳುವುದು ಅವರಿಗೆ ಅಪಾಯವಾಗಿತ್ತು.

ದಾಖಲೆ_ಬೇಕು

ಪಾನ್ ಉದಾಹರಣೆಗೆ ನನ್ನಲ್ಲಿ ಎದುರು ಮಾತಿಲ್ಲ.

ಹೆಸರು ಹಾಕಿಕೊಳ್ಳುವ ಭಯದ ಮಾತು ಬಂತಲ್ಲ, ಪ್ರಜಾಪ್ರಭುತ್ವ ಇರುವ ದೇಶಗಳೂ ತಮ್ಮ ಇತಿಹಾಸಕ್ಕೆ ಹೆದರುತ್ತವೆ. ಫ್ರಾನ್ಸಿನ ನಿರ್ದೇಶಕ ಅಲೆ ರೆನೆ 1950ರ ದಶಕದಲ್ಲಿ ನಾಝಿ ಶಿಬಿರಗಳ ಬಗ್ಗೆ ಅರ್ಧ ಗಂಟೆಯ ಚಿತ್ರ ಮಾಡಿದರು. ಅದರಲ್ಲಿ ಫ್ರಾನ್ಸಿನೊಳಗೇ ಇದ್ದ ಪಿಥಿವಿಯೆ ಅನ್ನುವ ಶಿಬಿರದ ಒಂದು ಹಳೆಯ ಫೋಟೋ ಇತ್ತು. ಫೋಟೋದ ಮೂಲೆಯಲ್ಲಿ ಕಾವಲು ನಿಂತವನ ಟೋಪಿ ಫ್ರೆಂಚ್ ಪೊಲೀಸಿನವನದು. ಅಂದರೆ ಜರ್ಮನ್ನರು ಮಾತ್ರ ಅಲ್ಲ, ಫ್ರೆಂಚರೂ ಕೈಜೋಡಿಸಿದ್ದರು. ಸೆನ್ಸಾರ್ ಬಿಡಲಿಲ್ಲ. ಕೊನೆಗೆ ಆ ಟೋಪಿಯ ಮೇಲೆ ಒಂದು ತೊಲೆಯ ಹಾಗೆ ಬಣ್ಣ ಬಳಿದು ಮುಚ್ಚಿದರು. ಯುದ್ಧ ಮುಗಿದು ಹತ್ತು ವರ್ಷ ಆಗಿದ್ದ ದೇಶವೊಂದು ಒಂದು ಟೋಪಿಗೆ ಅಷ್ಟು ಹೆದರಿತು.

ನೀಲಿಶಾಯಿ

ಇದನ್ನು ಓದಿ ಚಿಲಿ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ.

ನಿರ್ದೇಶಕ ಪ್ಯಾಟ್ರಿಸಿಯೊ ಗುಸ್ಮಾನ್ ಮತ್ತು ಒಂದು ಪುಟ್ಟ ತಂಡ 1973ರಲ್ಲಿ ಅಲ್ಲಿನ ಅಧ್ಯಕ್ಷ ಅಯೆಂದೆ ಅವರ ಸರ್ಕಾರದ ಕೊನೆಯ ತಿಂಗಳುಗಳನ್ನು ಬೀದಿ ಬೀದಿಯಲ್ಲಿ ಚಿತ್ರೀಕರಿಸಿದರು. ಫಿಲ್ಮ್ ಕೊಳ್ಳಲು ದೇಶದಲ್ಲಿ ದಾರಿ ಇರಲಿಲ್ಲ. ಫ್ರಾನ್ಸಿನಿಂದ ನಿರ್ದೇಶಕ ಕ್ರಿಸ್ ಮಾರ್ಕೆರ್ ಖಾಲಿ ಫಿಲ್ಮ್ ಕಳಿಸಿಕೊಟ್ಟರು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಹಿಡಿಯಿತು. ಗುಸ್ಮಾನ್ ಅವರನ್ನು ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೂಡಿಹಾಕಿದರು. ರೀಲುಗಳು ಸ್ವೀಡನ್ ರಾಯಭಾರ ಕಚೇರಿಯ ಸಹಾಯದಿಂದ ಹೊರಗೆ ಹೋದವು. ಸಂಕಲನ ನಡೆದಿದ್ದು ಕ್ಯೂಬಾದಲ್ಲಿ. ಮೂರು ಭಾಗಗಳು 1975ರಿಂದ 1979ರ ನಡುವೆ ಬಂದವು. ಕ್ಯಾಮೆರಾ ಹಿಡಿದಿದ್ದ ಹೋರ್ಹೆ ಮುಲ್ಲರ್ ಸಿಲ್ವಾ ಅವರನ್ನು 1974ರಲ್ಲಿ ಹಿಡಿದುಕೊಂಡು ಹೋದರು. ಅವರು ಮತ್ತೆ ಕಾಣಲೇ ಇಲ್ಲ. ಆ ಚಿತ್ರ ಅವರಿಗೇ ಅರ್ಪಣೆ.

ಮೇಷ್ಟ್ರೇ, ನಿಮ್ಮ ಮಕ್ಕಳು ಕೇಳಿದ್ದರಲ್ಲ, ತಡೆಯಲಿಲ್ವಾ ಅಂತ. ಅದರಲ್ಲಿ ಒಂದು ದೃಶ್ಯ ಇದೆ. 1973ರ ಜೂನ್‌ನಲ್ಲಿ ನಡೆದ ಮೊದಲ ದಂಗೆಯ ದಿನ ಅರ್ಜೆಂಟೀನಾದ ಕ್ಯಾಮೆರಾಮನ್ ಲಿಯೊನಾರ್ಡೊ ಹೆನ್ರಿಕ್ಸೆನ್ ಸೈನಿಕರನ್ನು ಚಿತ್ರೀಕರಿಸುತ್ತಿದ್ದರು. ಒಬ್ಬ ಸೈನಿಕ ನೇರ ಅವರ ಕಡೆಗೇ ಗುರಿ ಇಡುತ್ತಾನೆ. ಅವರು ಕ್ಯಾಮೆರಾ ನಿಲ್ಲಿಸಲಿಲ್ಲ. ದೃಶ್ಯ ಓಲಾಡಿ ಕುಸಿಯುತ್ತದೆ. ಅವರು ತೆಗೆದಿದ್ದು ತಮ್ಮದೇ ಸಾವನ್ನು.

ಈ ಚಿತ್ರ ಪ್ರಪಂಚವೆಲ್ಲ ಸುತ್ತಿತು. ಚಿಲಿಯಲ್ಲಿ ಮಾತ್ರ ಅದನ್ನು ತೋರಿಸುವ ಹಾಗಿರಲಿಲ್ಲ. ಸೇನಾ ಆಡಳಿತ ಹೋದ ಮೇಲೆ, 1990ರ ದಶಕದಲ್ಲಿ, ಗುಸ್ಮಾನ್ ಅದನ್ನು ಹಿಡಿದುಕೊಂಡು ದೇಶಕ್ಕೆ ವಾಪಸ್ ಬಂದು ವಿದ್ಯಾರ್ಥಿಗಳಿಗೆ ತೋರಿಸಿದರು. ಆ ಅನುಭವವನ್ನೇ 1997ರಲ್ಲಿ ಇನ್ನೊಂದು ಚಿತ್ರ ಮಾಡಿದರು. ನೋಡಿದ ಹುಡುಗರಲ್ಲಿ ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಕೆಲವರು ಮಾತು ಬಾರದೆ ಅಳುತ್ತಾರೆ. ತಮ್ಮದೇ ದೇಶ, ತಮ್ಮ ಅಪ್ಪ ಅಮ್ಮನ ಕಾಲ, ಮೊದಲ ಸಲ ನೋಡುತ್ತಿದ್ದಾರೆ.

ಮಳೆಬಿಲ್ಲು

ಆ ಕ್ಯಾಮೆರಾಮನ್ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಮಾಡಲು ಆಗಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಚಿತ್ರಗಳು ಈಗ ಎಲ್ಲರಿಗೂ ಸುಲಭವಾಗಿ ಸಿಗುತ್ತವಾ?

ಹಳೇರೀಲು

ಎಲ್ಲವೂ ಸಿಗುವುದಿಲ್ಲ. ಸೆನ್ಸಾರ್ ಒಂದೇ ಕಾರಣ ಅಲ್ಲ.

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಹೆನ್ರಿ ಹ್ಯಾಂಪ್ಟನ್ ಅವರ ಸಂಸ್ಥೆ ಮಾಡಿದ ಸರಣಿಯೊಂದು 1987ರಲ್ಲಿ ಬಂತು. ಆ ವಿಷಯಕ್ಕೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹತ್ತಾರು ಟಿವಿ ಕೇಂದ್ರಗಳ ದೃಶ್ಯ, ಫೋಟೋ, ಹಾಡು ಸೇರಿಸಿ ಕಟ್ಟಿದ್ದು. ಅವುಗಳ ಬಳಕೆಯ ಹಕ್ಕನ್ನು ಕೆಲವೇ ವರ್ಷಗಳ ಮಟ್ಟಿಗೆ ಕೊಂಡಿದ್ದರು, ಅಷ್ಟಕ್ಕೇ ದುಡ್ಡು ಇದ್ದದ್ದು. 1990ರ ದಶಕದಲ್ಲಿ ಆ ಅವಧಿ ಮುಗಿಯಿತು. ವರ್ಷಗಟ್ಟಲೆ ಸರಣಿಯನ್ನು ಟಿವಿಯಲ್ಲಿ ತೋರಿಸುವ ಹಾಗಿಲ್ಲ, ಹೊಸ ಪ್ರತಿ ಮಾರುವ ಹಾಗಿಲ್ಲ. ಹಕ್ಕುಗಳನ್ನು ಮತ್ತೆ ಕೊಂಡು 2006ರಲ್ಲಿ ಮರುಪ್ರಸಾರ ಆಯಿತು. ಒಂದು ದೇಶದ ಇತಿಹಾಸ ಬೀರುವಿನಲ್ಲಿ ಕೂತಿದ್ದು ಬರೀ ಪರವಾನಗಿ ಕಾಗದಕ್ಕೋಸ್ಕರ.

ಇನ್ನೊಂದು ಶತ್ರು ರಸಾಯನ. 1950ರ ದಶಕದ ಶುರುವಿನವರೆಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಬೆಂಕಿ ಹತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ. ಪುಣೆಯಲ್ಲಿ 2003ರಲ್ಲಿ ಬೆಂಕಿ ಬಿದ್ದು ನಮ್ಮ ಎಷ್ಟೋ ಹಳೆಯ ರೀಲುಗಳು ಹೋದವು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಅಷ್ಟು ಸುಲಭವಾಗಿ ಉರಿಯುವುದಿಲ್ಲ, ಆದರೆ ಸೆಕೆ ಮತ್ತು ತೇವದಲ್ಲಿ ಹುಳಿ ವಾಸನೆ ಬಿಡುತ್ತಾ ಕುಗ್ಗಿ ಮುದುಡುತ್ತದೆ. ಒಂದು ಡಬ್ಬಿಯಲ್ಲಿ ಶುರುವಾದರೆ ಪಕ್ಕದ ಡಬ್ಬಿಗೂ ಹಬ್ಬುತ್ತದೆ.

ಪಾಠದಕೋಣೆ

ಈ ಚರ್ಚೆಯಿಂದ ನನಗೆ ತರಗತಿಗೆ ಬೇಕಾದ್ದು ಸಿಕ್ಕಿತು. ಮುಂದಿನ ಪಾಠಕ್ಕೆ ಸೊಮ್ ಚಿತ್ರದ ಆ ನಕಲಿ ದೃಶ್ಯ ಮತ್ತು ಅದೇ ಚಿತ್ರದ ಒಂದು ಅಸಲಿ ದೃಶ್ಯ ಎರಡನ್ನೂ ಏನೂ ಹೇಳದೆ ತೋರಿಸುತ್ತೇನೆ. ಕ್ಯಾಮೆರಾ ಎಲ್ಲಿ ನಿಂತಿದೆ, ಗುಂಡು ಹಾರುವಾಗ ಅಲ್ಲಿ ನಿಲ್ಲಲು ಆಗುತ್ತಿತ್ತಾ ಅಂತ ಅವರೇ ಕಂಡುಹಿಡಿಯಲಿ. ರಿತಿ ಪಾನ್ ಗೊಂಬೆಗಳ ಭಾಗವನ್ನು ಹತ್ತನೇ ತರಗತಿಯವರಿಗೆ ತೋರಿಸುತ್ತೇನೆ, ಚಿಕ್ಕವರಿಗೆ ಬೇಡ.

ಜೊತೆಗೆ ಮಕ್ಕಳಿಂದ ಮನೆಯ ಹಿರಿಯರನ್ನು ಮಾತಾಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸುವ ಕೆಲಸ ಮಾಡಿಸಬೇಕು ಅಂತಿದ್ದೇನೆ. ನೀಲಿಶಾಯಿ ಮೇಡಂ, ಏನು ಹೇಳಿಕೊಡಲಿ?

ನೀಲಿಶಾಯಿ

ಬಹಳ ಸಂತೋಷ ಆಯಿತು ಸರ್. ಖಂಡಿತ ಮಾಡಿಸಿ, ತಡ ಮಾಡಬೇಡಿ.

ಮೊದಲು ಒಪ್ಪಿಗೆ. ಯಾಕೆ ತೆಗೆಯುತ್ತಿದ್ದೇವೆ, ಯಾರು ನೋಡುತ್ತಾರೆ ಅಂತ ಹಿರಿಯರಿಗೆ ಅವರ ಮಾತಿನಲ್ಲೇ ಹೇಳಬೇಕು. ಬೇಡ ಅಂದರೆ ಬೇಡ. ಅರ್ಧದಲ್ಲಿ ನಿಲ್ಲಿಸಿ ಅಂದರೆ ನಿಲ್ಲಿಸಬೇಕು. ಲಾಂಝ್‌ಮನ್ ಮಾಡಿದ್ದನ್ನು ಮಕ್ಕಳು ಮಾಡುವುದು ಬೇಡ.

ಪ್ರಶ್ನೆ ಇಸವಿಯಿಂದ ಶುರು ಮಾಡಬಾರದು. "ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಏನಾಯಿತು?" ಅಂದರೆ ಅವರು ಪರೀಕ್ಷೆಗೆ ಕೂತ ಹಾಗೆ ಗಾಬರಿಯಾಗುತ್ತಾರೆ. "ಆಗ ನೀವು ಇದ್ದ ಮನೆ ಹೇಗಿತ್ತು? ಸುದ್ದಿ ಯಾರು ತಂದರು? ಆಗ ನೀವು ಏನು ಮಾಡ್ತಾ ಇದ್ರಿ?" ಅಂತ ಕೇಳಲಿ. ಆ ಕಾಲದ ಒಂದು ಫೋಟೋವೋ ಸಾಮಾನೋ ಕೈಗೆ ಕೊಟ್ಟರೆ ಮಾತು ತಾನಾಗೇ ಬರುತ್ತದೆ. ಅವರು ಸುಮ್ಮನಾದಾಗ ಕೂಡಲೇ ಮುಂದಿನ ಪ್ರಶ್ನೆ ಹಾಕಬಾರದು. ಒಳ್ಳೆಯ ಮಾತು ಆ ಮೌನ ಮುಗಿದ ಮೇಲೇ ಬರುತ್ತದೆ.

ನೆನಪು ತಪ್ಪುತ್ತದೆ, ಅದನ್ನೂ ಹೇಳಿಕೊಡಿ. ಅಜ್ಜ ಒಂದು ವರ್ಷ ಹೇಳಬಹುದು, ದಾಖಲೆ ಇನ್ನೊಂದು ಹೇಳಬಹುದು. ಎದುರಿಗೆ ತಿದ್ದಬಾರದು. ಎರಡನ್ನೂ ಬರೆದಿಟ್ಟುಕೊಂಡು, ಆಮೇಲೆ ಹಳೆಯ ಪತ್ರಿಕೆ ನೋಡಿ ಹೋಲಿಸಲಿ. ಯಾಕೆ ಹಾಗೆ ನೆನಪಿದೆ ಅನ್ನುವುದೂ ಇತಿಹಾಸವೇ.

ಎಡಿಟ್_ಟೇಬಲ್

ಒಂದಷ್ಟು ತಾಂತ್ರಿಕ ಮಾತು ಸೇರಿಸುತ್ತೇನೆ. ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಮಾತು ಕೇಳದಿದ್ದರೆ ಏನೂ ಉಪಯೋಗ ಇಲ್ಲ. ಸಾಧ್ಯವಾದರೆ ಅಂಗಿಗೆ ಸಿಕ್ಕಿಸುವ ಮೈಕ್ ಬಳಸಲಿ. ಇಲ್ಲದಿದ್ದರೆ ಇನ್ನೊಂದು ಫೋನನ್ನು ಅವರ ಹತ್ತಿರ ಇಟ್ಟು ಶಬ್ದ ಬೇರೆ ರೆಕಾರ್ಡ್ ಮಾಡಲಿ. ಫ್ಯಾನು, ಟಿವಿ ಆಫ್. ಕಿಟಕಿಗೆ ಬೆನ್ನು ಮಾಡಿ ಕೂರಿಸಬಾರದು, ಮುಖ ಕಪ್ಪಾಗುತ್ತದೆ. ಫೋನ್ ಅಡ್ಡಲಾಗಿ, ಅಲುಗದ ಹಾಗೆ. ಮಾತು ಮುಗಿದ ಮೇಲೆ ಕೋಣೆಯ ಸದ್ದನ್ನು ಅರ್ಧ ನಿಮಿಷ ಹಾಗೇ ತೆಗೆದುಕೊಳ್ಳಲಿ, ಸಂಕಲನದಲ್ಲಿ ಬೇಕಾಗುತ್ತದೆ. ಅವರ ಕೈಗಳದ್ದೂ ಒಂದೆರಡು ದೃಶ್ಯ ಇರಲಿ.

ಹಳೇರೀಲು

ಮತ್ತೆ, ತೆಗೆದಿದ್ದನ್ನು ವಾಟ್ಸಾಪಿನಲ್ಲಿ ಕಳಿಸಿ ಮೂಲ ಅಳಿಸಿಬಿಡಬೇಡಿ. ವಾಟ್ಸಾಪ್ ಫೈಲನ್ನು ಕುಗ್ಗಿಸುತ್ತದೆ. ಫೋನಿನಿಂದ ನೇರ ಕಂಪ್ಯೂಟರಿಗೆ ಹಾಕಿಕೊಳ್ಳಿ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಫೈಲಿನ ಹೆಸರಲ್ಲೇ ತಾರೀಖು, ಊರು, ಮಾತಾಡಿದವರು ಯಾರು ಅಂತ ಬರೆಯಿರಿ. ಸಂಗ್ರಹಾಗಾರದಲ್ಲಿ ನಾವು ಅತಿ ಜಾಸ್ತಿ ಸಂಕಟಪಟ್ಟಿದ್ದು ಯಾರು, ಎಲ್ಲಿ, ಯಾವಾಗ ಅಂತ ಚೀಟಿ ಇಲ್ಲದ ಡಬ್ಬಿಗಳ ಮುಂದೆ. ದೃಶ್ಯ ಚೆನ್ನಾಗೇ ಇರುತ್ತಿತ್ತು, ಆ ಮುಖ ಯಾರದು ಅಂತ ಹೇಳುವವರು ಯಾರೂ ಉಳಿದಿರುತ್ತಿರಲಿಲ್ಲ.

ಮಕ್ಕಳ ಕೆಲಸ ಶುರುವಾದ ಮೇಲೆ ಪಟ್ಟಿ ಹೇಗೆ ಮಾಡುವುದು ಅಂತ ಬೇಕಾದರೆ ಇಲ್ಲೇ ಕೇಳಿ ಮೇಷ್ಟ್ರೇ. ಒಂದು ಮಾದರಿ ತಯಾರು ಮಾಡಿ ಹಾಕುತ್ತೇನೆ.